ದಿವಾನ: ಒಂದು ಮಾತಿನ ಮನೆತನ

ಒಂದೇ ಬೀದಿಯ ನಾಲ್ಕು ಮನೆಗಳಲ್ಲಿ ‘ದಿವಾನ’ ಎಂಬ ಮಾತು ನಾಲ್ಕು ಅರ್ಥದಲ್ಲಿ ಬಳಕೆಯಾಗುವುದನ್ನು ನೀವು ಕೇಳಿರಬಹುದು. ಹಳೆಯ ಮೈಸೂರು ಸೀಮೆಯ ಹಿರಿಯರಿಗೆ ದಿವಾನರೆಂದರೆ ಪೂರ್ಣಯ್ಯನವರು, ರಂಗಾಚಾರ್ಲು ಅವರು, ವಿಶ್ವೇಶ್ವರಯ್ಯನವರು. ಪಕ್ಕದ ಮನೆಯ ಗೃಹಿಣಿ ಬಡಗಿಯನ್ನು ಕರೆಸಿ, ನಡುಮನೆಗೆ ಒಂದು ದಿವಾನ್ ಮಾಡಿಕೊಡಪ್ಪಾ ಎಂದರೆ, ಅದು ಹಗಲು ಕೂರುವುದಕ್ಕೂ ರಾತ್ರಿ ಮಲಗುವುದಕ್ಕೂ ಒದಗುವ ಬೆನ್ನಿಲ್ಲದ ಮಂಚ. ರೇಡಿಯೋದಲ್ಲಿ ಗಜಲ್ ಕೇಳುವ ರಸಿಕರಿಗೆ ದಿವಾನ್ ಎಂದರೆ ಕವಿಯ ಪದ್ಯಸಂಗ್ರಹ. ಗಾಲಿಬನ ದಿವಾನ್, ಹಾಫಿಜನ ದಿವಾನ್ ಎಂದು ಅವರು ಹೇಳುತ್ತಾರೆ. ಧಾರವಾಡ, ಬೆಳಗಾವಿಗಳ ಕಡೆಯಿಂದ ಬಂದ ವಕೀಲರ ಮನೆಯಿದ್ದರೆ ಅಲ್ಲಿ ‘ದಿವಾಣಿ’ ಎಂಬ ಮಾತು ಕೇಳುತ್ತದೆ. ಆಸ್ತಿಪಾಸ್ತಿಯ ವ್ಯಾಜ್ಯ ದಿವಾಣಿ, ಹೊಡೆದಾಟದ ವ್ಯಾಜ್ಯ ಫೌಜದಾರಿ. ಈ ಮನೆಗಳಲ್ಲೊಂದರ ಮಗ ಪ್ಯಾರಿಸ್ಸಿಗೆ ಹೋಗಿ ವಿಮಾನದಿಂದ ಇಳಿದನೆನ್ನಿ, ಅವನ ಎದುರಿಗೇ ‘ದುವಾನ್’ ಎಂಬ ಫಲಕ ಕಾಣುತ್ತದೆ. ಅದು ಅಲ್ಲಿಯ ಸುಂಕದ ಕಟ್ಟೆ.

ಮಂತ್ರಿ, ಮಂಚ, ಕವಿತೆ, ನ್ಯಾಯಸ್ಥಾನ, ಸುಂಕದ ಕಟ್ಟೆ. ಇವಕ್ಕೆಲ್ಲ ಒಂದೇ ಹೆಸರು ಬಂದುದು ಹೇಗೆ? ಇವು ಬೇರೆ ಬೇರೆ ಮಾತುಗಳಾಗಿದ್ದು ಅಕಸ್ಮಾತ್ತಾಗಿ ಒಂದೇ ರೂಪ ತಾಳಿವೆಯೆ, ಅಥವಾ ಒಂದೇ ಮನೆತನದ ದಾಯಾದಿಗಳೆ? ದಾಯಾದಿಗಳೇ. ಈ ಮನೆತನದ ಮೂಲಪುರುಷನನ್ನು ಹುಡುಕುತ್ತ ಹೋದರೆ ನಾವು ತಲಪುವುದು ಅರಮನೆಗಲ್ಲ, ಸಿಂಹಾಸನಕ್ಕೂ ಅಲ್ಲ. ಒಂದು ಹಿಡಿ ಹಸಿಮಣ್ಣಿಗೆ. ಆ ಪಯಣಕ್ಕೆ ನೀವೂ ಜೊತೆಗೆ ಬನ್ನಿ.

ಹೊರಡುವ ಮುನ್ನ ಒಂದು ಎಚ್ಚರಿಕೆ. ಶಬ್ದಗಳ ನೆಂಟಸ್ತನವನ್ನು ಬರಿಯ ಕಿವಿಯಿಂದ ನಿರ್ಣಯಿಸಬಾರದು. ಹದಿನಾಲ್ಕನೆಯ ಶತಮಾನದ ಅರಬ್ಬೀ ಇತಿಹಾಸಕಾರ ಇಬ್ನ್ ಖಲ್ದೂನ್ ಈ ಮಾತಿನ ಹುಟ್ಟಿನ ಬಗ್ಗೆ ಒಂದು ಕತೆಯನ್ನು ದಾಖಲಿಸಿದ್ದಾನೆ. ಈರಾನಿನ ಅರಸ ಖುಸ್ರೋ ಒಂದು ದಿನ ತನ್ನ ಲೆಕ್ಕದ ಗುಮಾಸ್ತರು ಕೂತಿದ್ದ ಕಡೆಗೆ ಬಂದನಂತೆ. ಅವರೆಲ್ಲ ತಲೆ ತಗ್ಗಿಸಿ, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವಂತೆ ಲೆಕ್ಕ ಕೂಡುತ್ತಿದ್ದರು. ಅರಸನು ಅದನ್ನು ನೋಡಿ, ಇವರೆಲ್ಲ ‘ದೀವಾನಾ’, ಎಂದರೆ ಹುಚ್ಚರು, ಎಂದನಂತೆ. ಅದರಿಂದ ಅವರು ಕೂರುವ ಜಾಗಕ್ಕೇ ದೀವಾನ್ ಎಂಬ ಹೆಸರಾಯಿತಂತೆ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಒದ್ದಾಡುವ ಗುಮಾಸ್ತರನ್ನು ಕಂಡವರಿಗೆ ಈ ಕತೆ ನಿಜವೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹುಚ್ಚ ಎಂಬರ್ಥದ ‘ದೀವಾನಾ’ ಹುಟ್ಟಿದ್ದು ‘ದೇವ್’ ಎಂಬ ಮಾತಿನಿಂದ. ನಮ್ಮ ‘ದೇವ’ನೇ ಈರಾನಿನಲ್ಲಿ ಅರ್ಥ ತಿರುವುಮುರುವಾಗಿ ದೆವ್ವವಾದ, ದೆವ್ವ ಹಿಡಿದವನು ದೀವಾನಾ ಆದ. ಕಚೇರಿಯ ದಿವಾನನಿಗೂ ಅವನಿಗೂ ರಕ್ತಸಂಬಂಧವಿಲ್ಲ, ಹೆಸರಿನ ಹೋಲಿಕೆ ಮಾತ್ರ.

ಹಾಗಾದರೆ ನಿಜವಾದ ವಂಶವೃಕ್ಷ ಯಾವುದು? ಇಂದಿನ ಇರಾಕ್ ದೇಶದಲ್ಲಿ ಹರಿಯುವ ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಬಯಲಿನಲ್ಲಿ, ಐದು ಸಾವಿರ ವರ್ಷಗಳಷ್ಟು ಹಿಂದೆ, ಸುಮೇರಿಯರೆಂಬ ಜನ ಬಾಳಿದ್ದರು. ಕಲ್ಲಿಗೂ ಮರಕ್ಕೂ ಬಡತನವಿದ್ದ ಆ ನಾಡಿನಲ್ಲಿ ಮಣ್ಣಿಗೆ ಮಾತ್ರ ಕೊರತೆಯಿರಲಿಲ್ಲ. ಅವರು ಹಸಿಮಣ್ಣನ್ನು ತಟ್ಟಿ ಅಂಗೈಯಗಲದ ಹಲಗೆ ಮಾಡಿ, ಜೊಂಡಿನ ಕಡ್ಡಿಯ ತುದಿಯನ್ನು ಅದರ ಮೇಲೆ ಒತ್ತಿ ಬರೆಯುತ್ತಿದ್ದರು. ಇಂಥ ಹಲಗೆಗೆ ಅವರ ಭಾಷೆಯಲ್ಲಿ ‘ದುಬ್’ ಎಂದು ಹೆಸರು. ಹಲಗೆ ಬರೆಯುವವನು ‘ದುಬ್‌ಸರ್’. ಹುಡುಗರು ಬರಹ ಕಲಿಯುವ ಪಾಠಶಾಲೆ ‘ಎದುಬ್ಬ’, ಎಂದರೆ ಹಲಗೆಗಳ ಮನೆ. ಆ ಹಲಗೆಗಳಲ್ಲಿ ಅವರು ಏನು ಬರೆಯುತ್ತಿದ್ದರೆಂದು ಕೇಳುವಿರಾ? ಕಾವ್ಯಪುರಾಣಗಳನ್ನೂ ಬರೆದರು, ಆದರೆ ಮೊಟ್ಟಮೊದಲು ಬರೆದದ್ದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬರೆದದ್ದು, ಲೆಕ್ಕ. ಎಷ್ಟು ಅಳತೆ ಜವೆಗೋಧಿ ಬಂತು, ಎಷ್ಟು ಕುರಿ ಹೋದವು, ಯಾವ ಆಳಿಗೆ ಎಷ್ಟು ಧಾನ್ಯ ಸಂದಿತು ಎಂಬ ಲೆಕ್ಕ.

ಸುಮೇರಿಯರು ಕಾಲವಶರಾದರು, ಅವರ ಭಾಷೆಯೂ ಆಡುಮಾತಾಗಿ ಉಳಿಯಲಿಲ್ಲ. ಆದರೆ ‘ದುಬ್’ ಉಳಿಯಿತು. ಅವರ ನೆರೆಯವರೂ ಉತ್ತರಾಧಿಕಾರಿಗಳೂ ಆದ ಅಕ್ಕಾಡಿಯನರ ಬಾಯಲ್ಲಿ ಅದು ‘ತುಪ್ಪು’ ಎಂದಾಯಿತು. ಅವರಿಂದ ಪೂರ್ವದಿಕ್ಕಿನ ಈಲಾಮ್ ನಾಡಿಗೆ ಹೋಗಿ ‘ತುಪ್ಪಿ’ ಆಯಿತು. ಈಲಾಮಿನವರ ನೆರೆಯಲ್ಲಿ ಪಾರಸಿಕರು ಸಾಮ್ರಾಜ್ಯ ಕಟ್ಟಿದಾಗ, ಬರವಣಿಗೆಯ ವಿದ್ಯೆಯೊಂದಿಗೆ ಆ ಮಾತನ್ನೂ ತೆಗೆದುಕೊಂಡರು. ಅದು ‘ದಿಪಿ’ ಎಂಬ ರೂಪ ತಾಳಿತು. ಕ್ರಿಸ್ತಪೂರ್ವ ೫೨೨ರಲ್ಲಿ ಪಟ್ಟಕ್ಕೆ ಬಂದ ದಾರಿಯವುಷ ಚಕ್ರವರ್ತಿ, ಗ್ರೀಕರು ದಾರಿಯಸ್ ಎಂದು ಕರೆದವನು, ಬೆಹಿಸ್ತೂನಿನ ಬೆಟ್ಟದ ಬಂಡೆಯ ಮೇಲೆ ಮೂರು ಭಾಷೆಗಳಲ್ಲಿ ಕೊರೆಸಿದ ಶಾಸನವನ್ನು ‘ದಿಪಿ’ ಎಂದೇ ಕರೆದಿದ್ದಾನೆ. ಮಣ್ಣಿನ ಹಲಗೆಯ ಹೆಸರು ಹೀಗೆ ಬಂಡೆಯ ಮೇಲಿನ ಬರಹಕ್ಕೂ ಸಂದಿತು.

‘ದಿಪಿ’ ಎಂದೊಡನೆ ನಿಮಗೆ ಇನ್ನೊಂದು ಮಾತು ನೆನಪಾಗಿರಬೇಕು, ‘ಲಿಪಿ’. ನಮ್ಮ ಹಳೆಯ ವ್ಯಾಕರಣ ಸಂಪ್ರದಾಯ ಅದನ್ನು ‘ಲಿಪ್’ ಎಂಬ ಧಾತುವಿನಿಂದ, ಎಂದರೆ ಬಳಿ, ಸವರು ಎಂಬರ್ಥದಿಂದ, ಸಾಧಿಸುತ್ತದೆ. ಮಸಿಯನ್ನು ಬಳಿಯುವುದರಿಂದ ಲಿಪಿ ಎಂದು ವಿವರಣೆ. ಆದರೆ ಅಶೋಕನ ಶಾಸನಗಳು ಬೇರೊಂದು ಸಾಕ್ಷ್ಯ ನುಡಿಯುತ್ತವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅವನು ತನ್ನ ಧರ್ಮಶಾಸನಗಳನ್ನು ನಾಡಿನ ಉದ್ದಗಲಕ್ಕೂ ಕೊರೆಸಿದನಷ್ಟೆ. ನಮ್ಮ ಕಡೆಯ ಬಂಡೆಗಳಲ್ಲಿ ‘ಲಿಪಿ’ ಎಂದಿರುವ ಮಾತು, ಹಿಂದೆ ಪಾರಸಿಕರ ಆಳ್ವಿಕೆಗೆ ಒಳಪಟ್ಟಿದ್ದ ಗಾಂಧಾರದ ಷಾಬಾಜ್‌ಗಢಿಯ ಬಂಡೆಯಲ್ಲಿ ‘ದಿಪಿ’ ಎಂದೇ ಇದೆ. ಪಾಣಿನಿಯ ಸೂತ್ರದಲ್ಲಿ ‘ಲಿಪಿ’ಯೂ ಇದೆ, ‘ಲಿಬಿ’ಯೂ ಇದೆ, ಅವನೂ ಗಾಂಧಾರದವನೇ. ಈರಾನಿನ ‘ದಿಪಿ’ ನಮ್ಮ ದೇಶಕ್ಕೆ ಬಂದು, ‘ಲಿಪ್’ ಧಾತುವಿನ ಸೆಳೆತಕ್ಕೆ ಸಿಕ್ಕಿ, ‘ಲಿಪಿ’ ಆಯಿತೆಂಬುದು ಭಾಷಾತಜ್ಞರಲ್ಲಿ ಬಹುಮಂದಿ ಒಪ್ಪಿರುವ ಅಭಿಪ್ರಾಯ.

ಇದಕ್ಕೆ ಸಂಬಂಧಪಟ್ಟ ಒಂದು ಕುರುಹು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನವೆಲ್ಲ ಬ್ರಾಹ್ಮೀ ಅಕ್ಷರಗಳಲ್ಲಿದೆ. ಆದರೆ ಕೊನೆಯಲ್ಲಿ ಬರೆದವನು ತನ್ನ ಹೆಸರು ‘ಚಪಡ’ ಎಂದು ಹೇಳಿ, ತಾನು ‘ಲಿಪಿಕಾರ’ನೆಂದು ತಿಳಿಸುವ ಆ ಒಂದು ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಓಡುವ ಗಾಂಧಾರದ ಅಕ್ಷರಗಳಲ್ಲಿ, ಬರೆದಿದ್ದಾನೆ. ಆ ಅಕ್ಷರಗಳು ಬಳಕೆಯಲ್ಲಿದ್ದುದು ಇಲ್ಲಿಂದ ಸಾವಿರಾರು ಮೈಲಿ ದೂರದ ವಾಯವ್ಯ ದೇಶದಲ್ಲಿ. ತನ್ನ ಕಸುಬಿನ ಹೆಸರನ್ನು ಆ ಕಸುಬಿನ ಹೆಸರು ಬಂದ ದಿಕ್ಕಿನ ಅಕ್ಷರದಲ್ಲೇ ಬರೆದು ಹೋದ ಈ ಲಿಪಿಕಾರನನ್ನು ನೆನೆದಾಗ, ಸುಮೇರಿಯದ ಹಸಿಮಣ್ಣು ಮೊಳಕಾಲ್ಮೂರಿನ ಬಂಡೆಯವರೆಗೆ ಬಂದು ತಲಪಿದಂತೆ ತೋರುತ್ತದೆ.

ಇನ್ನು ‘ದಿಪಿ’ಯ ಈರಾನೀ ಸಂತಾನವನ್ನು ನೋಡೋಣ. ಬರೆಯುವವನು ಅಲ್ಲಿ ‘ದಿಪೀರ್’ ಎಂದಾಗಿ, ಮುಂದೆ ‘ದಬೀರ್’ ಎನ್ನಿಸಿದ. ಅವನ ಮೇಳದವರು ನಮ್ಮ ದೇಶಕ್ಕೂ ಬಂದರು. ವಲಭಿಯ ಅರಸರ ತಾಮ್ರಶಾಸನಗಳಲ್ಲಿ ‘ದಿವಿರಪತಿ’ ಎಂಬ ಅಧಿಕಾರಿ ಕಾಣುತ್ತಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕವಿ ಕ್ಷೇಮೇಂದ್ರನು ಸುಳ್ಳುಲೆಕ್ಕ ಬರೆದು ಜನರನ್ನು ಸುಲಿಯುವ ‘ದಿವಿರ’ರನ್ನು ಸಂಸ್ಕೃತದಲ್ಲಿ ಚೆನ್ನಾಗಿ ಪರಿಹಾಸ ಮಾಡಿದ್ದಾನೆ. ಈರಾನಿನಲ್ಲಿ ಪ್ರೌಢಶಾಲೆಗೆ ‘ದಬೀರಿಸ್ತಾನ್’ ಎನ್ನುತ್ತಾರೆ, ಅಲ್ಲಿಯ ಉಪಾಧ್ಯಾಯನಿಗೆ ‘ದಬೀರ್’ ಎನ್ನುತ್ತಾರೆ. ಹೀಗಾಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನನ್ನಂಥವನೂ ದಿವಾನರ ದೂರದ ನೆಂಟನೆಂದು ಹೇಳಿಕೊಳ್ಳಬಹುದು. ಸಂಬಳದ ವಿಷಯದಲ್ಲಿ ಆ ನೆಂಟಸ್ತನದಿಂದ ಪ್ರಯೋಜನವಿಲ್ಲ, ಅಷ್ಟೆ.

ಇದೇ ‘ದಿಪಿ’ಯಿಂದ, ಬರಹಗಳನ್ನು ಇಡುವ ಜಾಗ, ದಸ್ತಾವೇಜುಗಳ ಮನೆ ಎಂಬರ್ಥದಲ್ಲಿ ‘ದೇವಾನ್’ ಹುಟ್ಟಿತು. ಮುಂದೆ ‘ದೀವಾನ್’ ಆಯಿತು. ಇಲ್ಲಿಗೆ ನಮ್ಮ ಮೂಲಪುರುಷನು ಸಿಕ್ಕಿದಂತಾಯಿತು. ದಿವಾನ ಎಂಬುದರ ಮೊದಲ ಅರ್ಥ ಮನುಷ್ಯನಲ್ಲ, ಮಂಚವಲ್ಲ. ಲೆಕ್ಕದ ಪುಸ್ತಕ, ಮತ್ತು ಅದನ್ನು ಇಟ್ಟಿರುವ ಕೋಣೆ.

ಏಳನೆಯ ಶತಮಾನದಲ್ಲಿ ಅರಬ್ಬರು ಈರಾನನ್ನು ಗೆದ್ದರು. ರಾಜ್ಯ ಗೆಲ್ಲುವುದು ಒಂದು ವಿದ್ಯೆ, ಅದರ ಲೆಕ್ಕ ಇಡುವುದು ಇನ್ನೊಂದು ವಿದ್ಯೆ. ಹೊಸದಾಗಿ ಬಂದು ಬೀಳುತ್ತಿದ್ದ ಸಂಪತ್ತನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಪ್ರಶ್ನೆ ಎದ್ದಾಗ, ಎರಡನೆಯ ಖಲೀಫ ಉಮರ್ ಯೋಧರ ಮತ್ತು ಅವರ ಕುಟುಂಬಗಳ ಹೆಸರುಪಟ್ಟಿಯನ್ನು ಬರೆಸಿದ. ಆ ಪಟ್ಟಿಗೆ ‘ದೀವಾನ್’ ಎಂದು ಹೆಸರಾಯಿತು. ಹೆಸರು ದೀವಾನಿನಲ್ಲಿ ಇದ್ದವನಿಗೆ ವರ್ಷಾಶನ, ಇಲ್ಲದವನಿಗೆ ಇಲ್ಲ.

ಆದರೆ ತೆರಿಗೆಯ ಲೆಕ್ಕ ಅರಬ್ಬಿಯಲ್ಲಿ ಇರಲಿಲ್ಲ. ಇರಾಕಿನಲ್ಲಿ ಅದನ್ನು ಪಾರಸಿ ಗುಮಾಸ್ತರು ಪಾರಸಿಯಲ್ಲೂ, ಸಿರಿಯಾದಲ್ಲಿ ಗ್ರೀಕ್ ಬಲ್ಲವರು ಗ್ರೀಕಿನಲ್ಲೂ ಬರೆಯುತ್ತಿದ್ದರು. ಆಳುವವರು ಒಬ್ಬರು, ಲೆಕ್ಕ ಬಲ್ಲವರು ಇನ್ನೊಬ್ಬರು. ಏಳನೆಯ ಶತಮಾನದ ಕೊನೆಯಲ್ಲಿ ಖಲೀಫ ಅಬ್ದುಲ್ ಮಲಿಕನ ಕಾಲಕ್ಕೆ ಇದು ಬದಲಾಯಿತು. ಒಂಬತ್ತನೆಯ ಶತಮಾನದ ಇತಿಹಾಸಕಾರ ಬಲಾಧುರಿ ಇದನ್ನು ಸ್ವಾರಸ್ಯವಾಗಿ ಬರೆದಿದ್ದಾನೆ. ಇರಾಕಿನ ಅಧಿಪತಿ ಹಜ್ಜಾಜನ ಕಚೇರಿಯಲ್ಲಿ ಸಾಲಿಹ್ ಎಂಬ ಗುಮಾಸ್ತನಿದ್ದ; ಪಾರಸಿ, ಅರಬ್ಬಿ ಎರಡನ್ನೂ ಬಲ್ಲವನು. ಲೆಕ್ಕವನ್ನೆಲ್ಲ ಅರಬ್ಬಿಗೆ ತಿರುಗಿಸುವ ಕೆಲಸ ಅವನ ಪಾಲಿಗೆ ಬಂತು. ಪಾರಸಿ ಗುಮಾಸ್ತರಿಗೆ ಎದೆಯೊಡೆಯಿತು. ಈ ಕೆಲಸ ತನ್ನಿಂದಾಗದೆಂದು ಹೇಳಿಬಿಡು, ಒಂದು ಲಕ್ಷ ದಿರ್ಹಮ್ ಕೊಡುತ್ತೇವೆ ಎಂದು ಅವನಿಗೆ ಆಸೆ ತೋರಿಸಿದರು. ಅವನು ಒಪ್ಪಲಿಲ್ಲ. ನಮ್ಮ ಭಾಷೆಯ ಸೂಕ್ಷ್ಮವಾದ ಭಿನ್ನರಾಶಿಗಳನ್ನು ಅರಬ್ಬಿಯಲ್ಲಿ ಹೇಗೆ ಬರೆಯುವೆ ಎಂದು ಪರೀಕ್ಷಿಸಿದರು. ಅವನು ಒಂದೊಂದಕ್ಕೂ ಅರಬ್ಬಿಯಲ್ಲಿ ಪದ ಹೇಳಿದ. ಕೊನೆಗೆ, ಪಾರಸಿಯ ಬೇರನ್ನು ಕಡಿದ ನಿನ್ನ ಬೇರನ್ನು ದೇವರು ಕಡಿಯಲಿ ಎಂದು ಶಪಿಸಿದರಂತೆ.

ಈ ಪ್ರಸಂಗವನ್ನು ನೀವು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆ ಗುಮಾಸ್ತರು ಅಳುಕಿದ್ದು ಕಾವ್ಯ ಹೋಯಿತೆಂದಲ್ಲ, ಧರ್ಮ ಹೋಯಿತೆಂದೂ ಅಲ್ಲ. ಲೆಕ್ಕದ ಪುಸ್ತಕ ತಮ್ಮ ಭಾಷೆಯನ್ನು ಬಿಟ್ಟುಹೋಯಿತೆಂದು. ಲೆಕ್ಕದ ಪುಸ್ತಕ ಯಾವ ಭಾಷೆಯಲ್ಲಿದೆಯೋ ಅನ್ನವೂ ಅಧಿಕಾರವೂ ಆ ಭಾಷೆಯವರ ಕಡೆಗೆ ಹರಿಯುತ್ತವೆಂದು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಅರಬ್ಬಿಗೆ ಸೇರಿದ ‘ದೀವಾನ್’ ಅಲ್ಲಿಂದ ಮೂರು ಕವಲಾಗಿ ಒಡೆಯಿತು.

ಮೊದಲನೆಯ ಕವಲು ಕಡಲಿನದು. ರೇವುಗಳಲ್ಲಿ ಹಡಗಿನ ಸರಕನ್ನು ಪುಸ್ತಕಕ್ಕೆ ಹತ್ತಿಸಿ ಸುಂಕ ವಸೂಲು ಮಾಡುವ ಕಚೇರಿಯೂ ದೀವಾನೇ. ಮೆಡಿಟರೇನಿಯನ್ ಸಮುದ್ರದಲ್ಲಿ ವ್ಯಾಪಾರಕ್ಕೆ ಓಡಾಡುತ್ತಿದ್ದ ಯೂರೋಪಿನ ವರ್ತಕರು ಈ ಮಾತನ್ನು ಮೊದಲು ಕೇಳಿದ್ದು ಇಂಥ ಕಟ್ಟೆಗಳಲ್ಲಿ, ಕೈಯಿಂದ ಹಣ ಬಿಚ್ಚುವಾಗ. ಸಿಸಿಲಿ ದ್ವೀಪವನ್ನು ಆಳಿದ ನಾರ್ಮನ್ ಅರಸರು ಹನ್ನೆರಡನೆಯ ಶತಮಾನದಲ್ಲಿ ತಮ್ಮ ಲೆಕ್ಕದ ಕಚೇರಿಯನ್ನು ಲ್ಯಾಟಿನ್ನಿನಲ್ಲಿ ‘ದುಆನ’ ಎಂದರು. ಇಟಲಿಯಲ್ಲಿ ಅದು ‘ದೊಗಾನ’ ಆಯಿತು. ವೆನಿಸ್ ನಗರದ ಹಳೆಯ ಸುಂಕದ ಕಟ್ಟೆ ಇರುವ ಕಡಲಂಚಿಗೆ ಈಗಲೂ ಅದೇ ಹೆಸರು. ಸ್ಪೇನಿನಲ್ಲಿ ಅರಬ್ಬಿಯ ಉಪಪದವನ್ನೂ ಮುಂದೆ ಅಂಟಿಸಿಕೊಂಡು ‘ಅದುವಾನ’ ಎನ್ನಿಸಿತು. ಫ್ರೆಂಚಿನಲ್ಲಿ ‘ದುವಾನ್’. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲವೆಂಬುದು ನಮ್ಮ ಗಾದೆ. ಅದು ಆ ದೇಶದ ವರ್ತಕರ ಅನುಭವವೂ ಆಗಿದ್ದಿರಬೇಕು.

ಎರಡನೆಯ ಕವಲು ತುರ್ಕಿಯದು. ಒಟ್ಟೊಮನ್ ಸುಲ್ತಾನರ ಮಂತ್ರಾಲೋಚನ ಸಭೆಗೆ ‘ದಿವಾನ್’ ಎಂದು ಹೆಸರು. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಗುಮ್ಮಟದ ಕೋಣೆಯಲ್ಲಿ ವಜೀರರು ಕೂಡುತ್ತಿದ್ದರು. ಸುಲ್ತಾನನು ಅವರೆದುರಿಗೆ ಕೂರದೆ ಮೇಲೆ ಜಾಲಂದ್ರದ ಹಿಂದಿನಿಂದ ಕೇಳುವ ಪದ್ಧತಿ ಬೆಳೆಯಿತು. ಅವನು ಇಂದು ಅಲ್ಲಿದ್ದಾನೋ ಇಲ್ಲವೋ ಎಂದು ಕೆಳಗೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಕೋಣೆಯ ಗೋಡೆಗುಂಟ ದಿಂಬು ಹಾಸಿದ ತಗ್ಗಾದ ಪೀಠಗಳಿದ್ದವು. ಸಭೆಯ ಹೆಸರು ಸಭಾಸದರು ಕೂರುವ ಪೀಠಕ್ಕೂ ಅಂಟಿತು. ಅದನ್ನು ಕಂಡು ಮೆಚ್ಚಿದ ಯೂರೋಪಿನವರು ತಮ್ಮ ಮನೆಗಳಲ್ಲೂ ಅಂಥದನ್ನು ಮಾಡಿಸಿದರು. ಆ ಪೀಠ ಇಂಗ್ಲಿಷರ ಮೂಲಕ ನಮ್ಮ ನಡುಮನೆಗೆ ಬಂತು. ಮಧ್ಯಾಹ್ನದ ಊಟವಾದ ಮೇಲೆ ನೀವು ದಿವಾನಿನ ಮೇಲೆ ಒರಗಿ ರೇಡಿಯೋ ಕೇಳುವಾಗ, ಒಟ್ಟೊಮನ್ ವಜೀರರ ಪೀಠದ ಮೇಲೆ ಒರಗಿದ್ದೀರಿ ಎಂದು ತಿಳಿಯಿರಿ.

ಮೂರನೆಯ ಕವಲು ಕಾವ್ಯದ್ದು. ಅರಬ್ಬರು ತಮ್ಮ ಕುಲಗಳ ಶೌರ್ಯ, ವಂಶ, ವೈರಗಳ ದಾಖಲೆಯೆಲ್ಲ ಕಾವ್ಯದಲ್ಲೇ ಉಂಟೆಂದು ಭಾವಿಸಿದ್ದರು. ಕಾವ್ಯವೇ ತಮ್ಮ ಜನಾಂಗದ ದೀವಾನ್ ಎಂದು ಹೇಳಿಕೊಂಡರು. ಅದರಿಂದ ಒಬ್ಬ ಕವಿಯ ಪದ್ಯಗಳನ್ನೆಲ್ಲ ಒಟ್ಟುಗೂಡಿಸಿದ ಪುಸ್ತಕ ಆ ಕವಿಯ ದೀವಾನ್ ಆಯಿತು. ಇದರ ಜೋಡಣೆಯೂ ಲೆಕ್ಕದ ಪುಸ್ತಕದಂತೆ ಕಟ್ಟುನಿಟ್ಟು. ಪಾರಸಿ ಮತ್ತು ಉರ್ದು ದೀವಾನುಗಳಲ್ಲಿ ಗಜಲುಗಳನ್ನು ಬರೆದ ಕಾಲದ ಕ್ರಮದಲ್ಲಿ ಇಡುವುದಿಲ್ಲ, ಪ್ರಾಸದ ಕೊನೆಯಕ್ಷರವನ್ನು ಹಿಡಿದು ಅಕಾರಾದಿಯಾಗಿ ಇಡುತ್ತಾರೆ. ಜರ್ಮನಿಯ ಮಹಾಕವಿ ಗಯಟೆ ಹಾಫಿಜನ ದೀವಾನಿನ ಅನುವಾದವನ್ನು ಓದಿ ಮನಸೋತು, ತಾನೂ ಒಂದು ‘ದಿವಾನ್’ ರಚಿಸಿ ೧೮೧೯ರಲ್ಲಿ ಪ್ರಕಟಿಸಿದ. ಗಾಲಿಬನ ಉರ್ದು ದೀವಾನ್ ೧೮೪೧ರಲ್ಲಿ ಅಚ್ಚಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. ಮೊಗಲರ ಆಡಳಿತದಲ್ಲಿ ಕಂದಾಯ ಮತ್ತು ಹಣಕಾಸಿನ ಮುಖ್ಯಾಧಿಕಾರಿ ದೀವಾನ. ಕಚೇರಿಯ ಹೆಸರು ಅದರ ಯಜಮಾನನಿಗೆ ಬಂದದ್ದು ಹೀಗೆ. ಸುಬೇದಾರನ ಕೈಯಲ್ಲಿ ಕತ್ತಿ, ದೀವಾನನ ಕೈಯಲ್ಲಿ ಲೆಕ್ಕದ ಪುಸ್ತಕ. ಒಬ್ಬನನ್ನೊಬ್ಬ ಕಾಯುವಂತೆ ಬಾದಶಹರು ಇಬ್ಬರನ್ನೂ ಬೇರೆ ಬೇರೆಯಾಗಿ ಇಟ್ಟಿದ್ದರು. ಬಾದಶಹನು ಸಭೆ ನಡೆಸುವ ಮಂದಿರಕ್ಕೂ ಈ ಹೆಸರು ಸಂದಿತು. ದೆಹಲಿಯ ಕೆಂಪುಕೋಟೆಯ ದಿವಾನ್-ಎ-ಆಮ್, ದಿವಾನ್-ಎ-ಖಾಸ್‌ಗಳನ್ನು ನಿಮ್ಮಲ್ಲಿ ಎಷ್ಟೋ ಮಂದಿ ನೋಡಿದ್ದೀರಿ.

ಇರಾಕಿನಲ್ಲಿ ಎದ್ದ ಭಾಷೆಯ ಪ್ರಶ್ನೆ ಇಲ್ಲಿಯೂ ಎದ್ದಿತು. ಅದಕ್ಕೆ ಬಿಜಾಪುರದಲ್ಲಿ ಒಂದು ಉತ್ತರ, ದೆಹಲಿಯ ಬಾದಶಾಹಿಯಲ್ಲಿ ಇನ್ನೊಂದು ಉತ್ತರ ಬಂದುದು ಗಮನಾರ್ಹ. ಬಿಜಾಪುರದಲ್ಲಿ ಹದಿನಾರನೆಯ ಶತಮಾನದ ನಡುಗಾಲದಲ್ಲಿ ಆಳಿದ ಮೊದಲನೆಯ ಇಬ್ರಾಹಿಂ ಆದಿಲ್‌ಶಹನು, ಅದುವರೆಗೆ ಪಾರಸಿಯಲ್ಲಿದ್ದ ಸರ್ಕಾರಿ ಲೆಕ್ಕವನ್ನು ಬಿಡಿಸಿ ದೇಶಭಾಷೆಯಲ್ಲಿ ಬರೆಯಿಸಿ, ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟನೆಂದು, ಅದೇ ಬಿಜಾಪುರದಲ್ಲಿದ್ದು ಇತಿಹಾಸ ಬರೆದ ಫೆರಿಷ್ಟಾ ಹೇಳುತ್ತಾನೆ. ಅವನು ಆ ಭಾಷೆಯನ್ನು ‘ಹಿಂದವಿ’ ಎಂದು ಕರೆದಿದ್ದಾನೆ. ಇದಾದ ಕೆಲವು ದಶಕಗಳಿಗೆ, ಅಕ್ಬರನ ಹಣಕಾಸಿನ ಮಂತ್ರಿ ರಾಜಾ ತೋಡರಮಲ್ಲನು ಇದಕ್ಕೆ ವಿರುದ್ಧವಾಗಿ, ಹಿಂದವಿಯಲ್ಲಿದ್ದ ಲೆಕ್ಕವನ್ನು ಪಾರಸಿಗೆ ತಿರುಗಿಸಿದ. ಲೆಕ್ಕ ಬರೆದು ಬದುಕುವ ಉತ್ತರ ದೇಶದ ಹಿಂದೂ ಕುಟುಂಬಗಳು ಮಕ್ಕಳಿಗೆ ಪಾರಸಿ ಕಲಿಸತೊಡಗಿದವು. ಯಾವ ಮತಪ್ರಚಾರಕನೂ ಯಾವ ಕವಿಯೂ ಪಾರಸಿಯನ್ನು ಅಷ್ಟು ಬೇಗ ಮನೆಮನೆಗೆ ಮುಟ್ಟಿಸಿರಲಿಲ್ಲ.

ದಿವಾನಗಿರಿಯ ಬೆಲೆಯನ್ನು ಚೆನ್ನಾಗಿ ಅರಿತವರು ಇಂಗ್ಲಿಷರು. ೧೭೬೫ನೆಯ ಇಸವಿ ಆಗಸ್ಟ್ ೧೨ರಂದು ಬಾದಶಹ ಎರಡನೆಯ ಷಾ ಆಲಮನು ಬಂಗಾಳ, ಬಿಹಾರ, ಒರಿಸ್ಸಾ ಪ್ರಾಂತಗಳ ‘ದೀವಾನಿ’ಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬರೆದುಕೊಟ್ಟ. ಬಾದಶಹನಿಗೆ ವರ್ಷಕ್ಕೆ ೨೬ ಲಕ್ಷ ರೂಪಾಯಿ, ಉಳಿದದ್ದು ಕಂಪೆನಿಗೆ. ನವಾಬನು ಹೆಸರಿಗೆ ನವಾಬನಾಗಿಯೇ ಉಳಿದ. ಕಂಪೆನಿಯವರು ಕೇಳಿ ಪಡೆದದ್ದು ಕಿರೀಟವನ್ನಲ್ಲ, ಲೆಕ್ಕದ ಪುಸ್ತಕವನ್ನು. ಐದು ವರ್ಷ ಕಳೆಯುವುದರೊಳಗೆ, ೧೭೭೦ರಲ್ಲಿ, ಬಂಗಾಳದಲ್ಲಿ ಘೋರವಾದ ಕ್ಷಾಮ ಬಿದ್ದು ಲಕ್ಷಾಂತರ ಜನ ಸತ್ತರು. ಕಂದಾಯದ ವಸೂಲಿ ಮಾತ್ರ ನಿಲ್ಲಲಿಲ್ಲ. ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಬರಿಯ ಪಂಡಿತರ ಚರ್ಚೆಯ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಡ. ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು ಆಸ್ತಿ ಮತ್ತು ಸಾಲದ ವ್ಯಾಜ್ಯಗಳಿಗೆ ದೀವಾನಿ ಅದಾಲತ್ತನ್ನೂ ಅಪರಾಧಗಳಿಗೆ ಫೌಜದಾರಿ ಅದಾಲತ್ತನ್ನೂ ಏರ್ಪಡಿಸಿದ. ಉತ್ತರ ಕರ್ನಾಟಕದ ‘ದಿವಾಣಿ’ಗೆ ಹಿನ್ನೆಲೆ ಇದು.

ಕನ್ನಡ ನಾಡಿನಲ್ಲಿ ಲೆಕ್ಕ ಬರೆಯುವ ವಿದ್ಯೆ ದಿವಾನನೊಡನೆ ಬಂದದ್ದಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಶ್ರೀಕರಣವಿದೆ, ಕರಣಿಕನಿದ್ದಾನೆ, ಸೇನಬೋವನಿದ್ದಾನೆ. ಈ ಸೇನಬೋವನೇ ಮುಂದೆ ಹಳ್ಳಿಹಳ್ಳಿಯ ಶಾನುಭೋಗನಾದ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ‘ಕಡತ’ ಎಂದು ಹೆಸರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಈಗ ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ ‘ಕಡತ’ ಎನ್ನುತ್ತೇವಷ್ಟೆ; ಅದು ಆ ಕಪ್ಪು ಬಟ್ಟೆಯ ಪುಸ್ತಕದ ಹೆಸರೇ. ಸುಮೇರಿಯದಲ್ಲಿ ಮಣ್ಣಿನ ಹಲಗೆ ಕಚೇರಿಯಾದಂತೆ, ಕನ್ನಡದಲ್ಲಿ ಮಸಿಬಟ್ಟೆ ಕಡತವಾಯಿತು.

ಪಾರಸಿಯ ದಿವಾನನು ಕನ್ನಡಕ್ಕೆ ಬಂದು ಕನ್ನಡಿಗನೇ ಆದ. ನಾವು ಅವನಿಗೆ ಗೌರವದ ಬಹುವಚನ ಕೊಟ್ಟು ದಿವಾನರು ಎಂದೆವು. ನಮ್ಮ ವಿಭಕ್ತಿಗಳನ್ನು ಹಚ್ಚಿ ದಿವಾನರಿಂದ, ದಿವಾನರಿಗೆ, ದಿವಾನರಲ್ಲಿ ಎಂದು ನಡೆಸಿಕೊಂಡೆವು. ಮೈಸೂರಿನಲ್ಲಿ ೧೭೯೯ರಿಂದ ೧೮೧೧ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಎಳೆಯ ವಯಸ್ಸಿನಲ್ಲಿ ವರ್ತಕನೊಬ್ಬನ ಲೆಕ್ಕ ಬರೆಯುವುದರಿಂದ ತೊಡಗಿ, ಲೆಕ್ಕದ ಜಾಣ್ಮೆಯಿಂದಲೇ ಮೇಲೇರಿದವರು. ೧೮೮೧ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿದಾಗ ದಿವಾನರಾದ ರಂಗಾಚಾರ್ಲು ಅವರು ಅದೇ ವರ್ಷ ಅಕ್ಟೋಬರ್ ೭ರಂದು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿ, ೧೪೪ ಮಂದಿ ಪ್ರತಿನಿಧಿಗಳ ಮುಂದೆ ಸರ್ಕಾರದ ಆದಾಯ ವೆಚ್ಚಗಳ ವಿವರವನ್ನು ಇಟ್ಟರು. ಸಾವಿರಾರು ವರ್ಷ ಅರಸರ ಕೋಣೆಯೊಳಗಿದ್ದ ಲೆಕ್ಕದ ಪುಸ್ತಕವನ್ನು ದಿವಾನರೊಬ್ಬರು ರೈತರಿಗೂ ವರ್ತಕರಿಗೂ ಬಿಚ್ಚಿ ತೋರಿಸಿದಂತಾಯಿತು. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೫ರಲ್ಲಿ, ಅವರ ಪ್ರೋತ್ಸಾಹದಿಂದ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೊಂದಿಗೆ ೧೯೪೯ರಲ್ಲಿ ಮೈಸೂರಿನ ದಿವಾನಗಿರಿ ಮುಗಿಯಿತು.

ಪದವಿ ಹೋಯಿತು, ಪುಸ್ತಕ ಹೋಗಲಿಲ್ಲ. ಅದು ಯಾವ ಭಾಷೆಯಲ್ಲಿ ಇರಬೇಕೆಂಬ ಪ್ರಶ್ನೆಯೂ ಹೋಗಲಿಲ್ಲ. ೧೯೬೩ರಲ್ಲಿ ರಾಜ್ಯದ ಶಾಸನಸಭೆ ಕನ್ನಡವನ್ನು ಆಡಳಿತಭಾಷೆಯೆಂದು ಅಧಿನಿಯಮ ಮಾಡಿತು. ಇಂದು ಹೊಲದ ಪಹಣಿ ಕಂಪ್ಯೂಟರಿನಿಂದ ಕನ್ನಡದಲ್ಲಿ ಅಚ್ಚಾಗಿ ರೈತನ ಕೈಗೆ ಬರುತ್ತದೆ. ಆದರೆ ಅದೇ ಹೊಲದ ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೆ ಹೋದರೆ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಗೆದ್ದೆನೋ ಸೋತೆನೋ ಎಂದು ತಿಳಿಯುವುದಕ್ಕೆ ಆ ರೈತನು ವಕೀಲರ ಮುಖ ನೋಡಬೇಕು. ಬ್ಯಾಂಕಿನ ಸಾಲಪತ್ರದಲ್ಲಿ ತಾನು ಏನಕ್ಕೆ ರುಜು ಹಾಕುತ್ತಿದ್ದೇನೆಂದು ತಿಳಿಯದೆ ರುಜು ಹಾಕುವ ತಾಯಂದಿರು ನಿಮ್ಮ ಬೀದಿಯಲ್ಲೂ ಇದ್ದಾರೆ.

ಕೆಲವರು ಕನ್ನಡದ ಉದ್ಧಾರವೆಂದರೆ ಅನ್ಯಭಾಷೆಯ ಮಾತುಗಳನ್ನು ಓಡಿಸುವುದೆಂದು ತಿಳಿಯುತ್ತಾರೆ. ಪಂಡಿತ ಪರಂಪರೆಯಲ್ಲ��� ಓದಿದ ನನಗೆ ಆ ಭಯವಿಲ್ಲ. ಹೊರಗಿನ ಮಾತನ್ನು ಒಳಕ್ಕೆ ಕರೆದುಕೊಂಡು ಕನ್ನಡದ ಉಡುಗೆ ತೊಡಿಸುವುದಕ್ಕೆ ಕೇಶಿರಾಜನು ಹದಿಮೂರನೆಯ ಶತಮಾನದಲ್ಲೇ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟ. ದಿವಾನ ಎಂಬುದನ್ನು ಪಾರಸಿಯದೆಂದು ಓಡಿಸಿದರೆ, ಅದರ ಒಡಹುಟ್ಟು ‘ಲಿಪಿ’ಯನ್ನೂ ಓಡಿಸಬೇಕಾಗುತ್ತದೆ, ಆಗ ಓಡಿಸಿದ್ದನ್ನು ಬರೆದಿಡುವುದಕ್ಕೇ ನಮ್ಮಲ್ಲಿ ಮಾತಿರುವುದಿಲ್ಲ. ಈ ಮಾತು ಯಾರ ಸ್ವತ್ತೂ ಅಲ್ಲ. ಮೊದಲು ಆಡಿದ ಜನ ಮಣ್ಣಾಗಿ ಸಾವಿರಾರು ವರ್ಷಗಳಾದವು; ಅಕ್ಕಾಡಿಯನರು, ಪಾರಸಿಕರು, ಅರಬ್ಬರು, ತುರ್ಕರು, ಇಟಲಿಯವರು, ನಾವು, ಎಲ್ಲರೂ ಅದನ್ನು ಎರವಲು ತಂದವರೇ.

ಎರವಲು ಮಾತಿನಿಂದ ಭಾಷೆ ಬಡವಾಗುವುದಿಲ್ಲ. ಲೆಕ್ಕದ ಪುಸ್ತಕ ಬಿಟ್ಟುಹೋದರೆ ಬಡವಾಗುತ್ತದೆ. ಇರಾಕಿನ ಗುಮಾಸ್ತರಿಗೆ ಇದು ಗೊತ್ತಿತ್ತು, ಇಬ್ರಾಹಿಂ ಆದಿಲ್‌ಶಹನಿಗೂ ತೋಡರಮಲ್ಲನಿಗೂ ಗೊತ್ತಿತ್ತು. ಆದುದರಿಂದ ನನ್ನದೊಂದು ಸಣ್ಣ ವಿಜ್ಞಾಪನೆ. ಮುಂದಿನ ಸಲ ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಹೋದಾಗ ಕನ್ನಡದ ನಮೂನೆಯನ್ನು ಕೇಳಿ ಪಡೆಯಿರಿ. ಅದು ಕಪಾಟಿನಲ್ಲಿ ಧೂಳು ಹಿಡಿದಿರಬಹುದು, ಹುಡುಕುವುದಕ್ಕೆ ಹತ್ತು ನಿಮಿಷ ಬೇಕಾಗಬಹುದು. ತಾಳ್ಮೆಯಿಂದ ನಿಂತು ಪಡೆದು, ಕನ್ನಡದಲ್ಲೇ ತುಂಬಿ, ಕನ್ನಡದಲ್ಲೇ ರುಜು ಹಾಕಿ ಬನ್ನಿ.